ಮಿಸ್ ವರ್ಲೀನ್ ಹೇಳಿದ ಲೆಕ್ಕ

ಮಾರ್ಚ್ ತಿಂಗಳ ಒಂದು ಶನಿವಾರ, ಇನ್ನೂ ಬೆಳಕು ಹರಿದಿಲ್ಲ. ಹ್ಯಾಲೊವೇ ಪಟ್ಟಣದ ಬ್ಯಾಪ್ಟಿಸ್ಟ್ ಚರ್ಚಿನ ಹಿಂದಿನ ಅಂಗಳದಲ್ಲಿ ಹಳೆಯ ಬಿಳಿ ವ್ಯಾನೊಂದು ಗುರುಗುಟ್ಟುತ್ತ ನಿಂತಿದೆ. ಅದರ ಹಿಂಬಾಗಿಲು ತೆರೆದು, ಕೈಯಲ್ಲಿ ಟಾರ್ಚು ಹಿಡಿದು, ಎಪ್ಪತ್ತೊಂದು ವರ್ಷದ ವರ್ಲೀನ್ ಟಾಲಿವರ್ ಸಾಲಾಗಿ ನಿಂತ ಹೆಂಗಸರನ್ನು ಒಬ್ಬೊಬ್ಬರಾಗಿ ಮೇಲಿಂದ ಕೆಳಗೆ ಪರೀಕ್ಷಿಸುತ್ತಿದ್ದಾರೆ. ಹೆಣ್ಣು ನೋಡಲು ಬಂದ ಬೀಗರೂ ಇಷ್ಟು ನೋಡಲಾರರು.

"ಈ ರವಿಕೆ ನಡೆಯಲ್ಲ ಕಂದಾ. ತೋಳಿಲ್ಲ."

"ಮೇಲೆ ಸ್ವೆಟರ್ ಹಾಕೊಂಡಿದ್ದೀನಲ್ಲ, ಮಿಸ್ ವರ್ಲೀನ್?"

"ಸ್ವೆಟರ್ ತೆಗಿ ಅಂತಾರೆ. ತೆಗೆದ್ರೆ ತೋಳಿಲ್ಲ. ತೋಳಿಲ್ಲ ಅಂದ್ರೆ ನೀನು ಒಳಗಿಲ್ಲ. ತಗೋ, ಇದನ್ನ ಹಾಕ್ಕೋ."

ವ್ಯಾನಿನ ಹಿಂಭಾಗದಲ್ಲಿ ಒಂದು ದೊಡ್ಡ ಕಬ್ಬಿಣದ ಟ್ರಂಕು ಇದೆ. ಅದರ ತುಂಬ ಒಗೆದು ಮಡಿಸಿದ ಬಟ್ಟೆ: ತೋಳಿರುವ ರವಿಕೆಗಳು, ಮೊಣಕಾಲು ಮುಚ್ಚುವ ಲಂಗಗಳು, ತಂತಿಯಿಲ್ಲದ ಒಳ ಉಡುಪುಗಳು, ಬೆರಳು ಕಾಣದ ಚಪ್ಪಲಿಗಳು. ಇವರೆಲ್ಲ ಹೊರಟಿರುವ ಟರ್ಕಿ ಫೋರ್ಕ್ ಜೈಲಿನಲ್ಲಿ ಬಿಳಿ ಬಟ್ಟೆ ಕೈದಿಗಳದ್ದು, ಖಾಕಿ ಕಾವಲಿನವರದ್ದು. ನೋಡಲು ಬಂದವರು ಆ ಎರಡು ಬಣ್ಣ ಹಾಕಿದರೆ ಗೇಟಿನಿಂದಲೇ ವಾಪಸ್ಸು. ಒಳ ಉಡುಪಿನ ತಂತಿಗೆ ಲೋಹ ಹುಡುಕುವ ಯಂತ್ರ ಕೂಗಿಕೊಂಡರೂ ವಾಪಸ್ಸು. ಅರ್ಧ ರಾಜ್ಯ ದಾಟಿ ಬಂದ ಹೆಂಡತಿ, ಒಂದು ತಂತಿಯ ದೆಸೆಯಿಂದ, ಗಂಡನ ಮುಖ ನೋಡದೆ ಮನೆಗೆ ಮರಳಿದ ಉದಾಹರಣೆಗಳು ನಮ್ಮ ಊರಿನಲ್ಲಿ ಬೇಕಾದಷ್ಟಿವೆ.

"ನನ್ನನ್ನೂ ಒಂದ್ಸಲ ಹಾಗೆ ಟಾರ್ಚ್ ಹಾಕಿ ನೋಡೇ ವರ್ಲೀನ್" ಎನ್ನುತ್ತಾರೆ ಮುದುಕ ಹೋಸಿಯಾ. ಅವರು ಮಗನನ್ನು ನೋಡಲು ಹೋಗುವವರು, ಈ ವ್ಯಾನಿನ ಅತಿ ಹಳೆಯ ಗಿರಾಕಿ.

"ನಿನ್ನಲ್ಲಿ ನೋಡೋದಕ್ಕೆ ಏನು ಉಳಿದಿದೆ ಹೋಸಿಯಾ? ಆ ಪ್ಯಾಂಟು ನನ್ನ ಮದುವೆಗೂ ಮುಂಚಿಂದು. ಸುಮ್ನೆ ವ್ಯಾನ್ ಹತ್ತು."

ಎಲ್ಲರೂ ನಗುತ್ತಾರೆ. ಕೊನೆಯಲ್ಲಿ ಬಂದವಳು ಶಾಂಡ್ರಾ, ಇಪ್ಪತ್ಮೂರರ ಹುಡುಗಿ; ಗಂಡ ಲವೆಲ್ ಒಳಗಿದ್ದಾನೆ. ಇವತ್ತು ತಲೆಗೆ ಹೊಸ ಜಡೆ ಹೆಣೆಸಿಕೊಂಡು, ನೀಲಿ ಉಡುಪು ಹಾಕಿ, ಕಂಕುಳಲ್ಲಿ ಒಂದು ಶೂ ಡಬ್ಬ ಹಿಡಿದಿದ್ದಾಳೆ. ಒಳಗೆ ಏನನ್ನೂ ಒಯ್ಯುವಂತಿಲ್ಲ ಎಂಬುದು ಅವಳಿಗೂ ಗೊತ್ತು.

"ಇದ್ಯಾಕೆ ತಂದೆ?"

"ಸುಮ್ನೆ. ದಾರೀಲಿ ನಿಮಗೆಲ್ಲ ತೋರಿಸೋಣ ಅಂತ. ಲವೆಲ್‌ನ ಪರೋಲ್ ಮೇಲೆ ಬೇಗ ಬಿಡೋ ತಾರೀಖು ಈ ಸಲ ಹೇಳ್ತಾರೆ."

ಜೈಲಿನಿಂದ ಹೊರಬರುವ ಗಂಡಸು ಜೈಲಿನ ಶೂ ಹಾಕಿಕೊಂಡು ಮನೆ ಹೊಸಿಲು ದಾಟಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ಗೇಟಿನ ಹೊರಗೆ ಹೆಂಡತಿಯೋ ತಾಯಿಯೋ ಹೊಸ ಜೋಡಿ ಹಿಡಿದು ನಿಂತಿರುತ್ತಾರೆ. ಹಳೆಯದನ್ನು ಅಲ್ಲೇ ಕಸದ ಡಬ್ಬಕ್ಕೆ ಎಸೆದು ಹಿಂತಿರುಗಿ ನೋಡದೆ ಬರಬೇಕು. ಶಾಂಡ್ರಾಳ ಡಬ್ಬ ಕೈಯಿಂದ ಕೈಗೆ ಹೋಗುತ್ತದೆ. ಕೆಂಪು ಲೇಸಿನ ಕರಿಯ ಶೂ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಹೋಸಿಯಾ ಛೇಡಿಸಿದರೆ, ಅವಳು ಅವರ ಭುಜಕ್ಕೆ ಒಂದು ಬಿಡುತ್ತಾಳೆ.

ಪತ್ರಿಕೆಗೆ ಬರೆಯಲೆಂದು ಜೊತೆಗೆ ಹೊರಟ ನಾನು ಮುಂದಿನ ಸೀಟಿನಲ್ಲಿ ಕೂತದ್ದು ತಪ್ಪಾಯಿತು. ಎರಡೇ ಪಟ್ಟಿಯ ರಸ್ತೆ, ಹೊಲದಿಂದ ಎದ್ದ ಮಂಜು, ಎದುರಿನಿಂದ ಪೈನ್ ದಿಮ್ಮಿ ಹೊತ್ತ ಲಾರಿಗಳು. ವರ್ಲೀನ್ ಸ್ಟೀರಿಂಗಿನ ಮೇಲೆ ಬಾಗಿ, ಎಡಗಣ್ಣು ಕಿರಿದು ಮಾಡಿ ಓಡಿಸುತ್ತಾರೆ. ಲಾರಿಯ ದೀಪ ಬಿದ್ದಾಗಲೆಲ್ಲ ವ್ಯಾನು ತುಸು ಬಲಕ್ಕೆ ಜಾರುತ್ತದೆ. ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದೇನೆ.

"ಹೆದರ್ಕೋಬೇಡಿ ಪೇಪರಿನವ್ರೇ. ಎಡಗಣ್ಣಿಗೆ ಪೊರೆ ಬಂದಿದೆ, ಬಲಗಣ್ಣು ಇನ್ನೂ ನನ್ನ ಮಾತು ಕೇಳುತ್ತೆ."

"ಆಪರೇಷನ್ ಮಾಡಿಸಬಾರದೇ?"

"ಮಾಡಿಸಿದ್ರೆ ಮೂರು ಶನಿವಾರ ಗಾಡಿ ಮುಟ್ಟಬಾರ್ದಂತೆ. ಇವರನ್ನೆಲ್ಲ ಯಾರು ಕರ್ಕೊಂಡ್ ಹೋಗ್ತಾರೆ, ನಿಮ್ಮ ಗವರ್ನರ್ ಬರ್ತಾರಾ?"

ವರ್ಲೀನ್ ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಗಂಡ ಆಲ್ಟನ್ ತೊಂಬತ್ತರ ದಶಕದಲ್ಲಿ ಜೈಲಿಗೆ ಹೋದರು. ಮಾದಕ ವಸ್ತು ಮಾರಿದ ಮೂರನೆಯ ಅಪರಾಧ. ಆಗ ಶಾಸನಸಭೆಯಲ್ಲಿ ಶಿಕ್ಷೆ ಬಿಗಿ ಮಾಡುವ ಪೈಪೋಟಿ ನಡೆದಿತ್ತು, ಮೂರನೆಯ ಅಪರಾಧಕ್ಕೆ ದಯೆಯಿಲ್ಲ ಎಂಬ ಕಾನೂನು ಹೊಸದಾಗಿ ಬಂದಿತ್ತು. ಮೊದಲ ಸಲ ನೋಡಲು ಹೋದಾಗ ವರ್ಲೀನ್ ಭಾನುವಾರದ ಒಳ್ಳೆಯ ಬಿಳಿ ಉಡುಪು ಹಾಕಿದ್ದರು. ಗಂಡನ ಮುಂದೆ ಚೆನ್ನಾಗಿ ಕಾಣಬೇಕಲ್ಲ. ಗೇಟಿನಲ್ಲಿ ತಡೆದರು. ಚಿಕ್ಕ ಮಗಳನ್ನು ಅತ್ತೆಯ ಜೊತೆ ಒಳಗೆ ಕಳಿಸಿ, ಇವರು ಬಿಸಿಲಿನಲ್ಲಿ ಕಾರಿನ ಪಕ್ಕ ನಿಂತರು.

"ಮಗಳು ಹೊರಗೆ ಬಂದು, ಅಪ್ಪ ನಿನ್ನ ಕೇಳಿದ್ರು ಅಂದ್ಳು. ಅವತ್ತೇ ನಾನು ಟ್ರಂಕು ತುಂಬಿದ್ದು" ಎನ್ನುತ್ತಾರೆ.

ಅವತ್ತಿನಿಂದ ಪ್ರತಿ ಶನಿವಾರ ಹೋಗಿದ್ದಾರೆ. ಮೊದಲು ಸ್ವಂತ ಕಾರು, ಆಮೇಲೆ ನೆರೆಯವರು ಸೇರಿ ವ್ಯಾನು. ಪೆಟ್ರೋಲಿಗೆ ಕೊಟ್ಟಷ್ಟು ಕೊಡಬಹುದು, ಕೊಡದಿದ್ದರೂ ಕೇಳುವವರಿಲ್ಲ. ರಾಜಧಾನಿಯಲ್ಲಿ ಕಾನೂನು ಬದಲಾದಾಗಲೆಲ್ಲ ಈ ವ್ಯಾನಿನ ಸೀಟುಗಳೂ ಬದಲಾಗಿವೆ. ಬಿಗಿ ಕಾನೂನಿನ ಕಾಲದಲ್ಲಿ ಮಕ್ಕಳು ದೊಡ್ಡವರ ತೊಡೆ ಹತ್ತಿ ಕೂರುತ್ತಿದ್ದರು. ಜೈಲು ಸಾಕಲು ದುಡ್ಡು ಸಾಲದೆ ಸರ್ಕಾರ ತಾನೇ ಸೋತು ಕಾನೂನು ಸಡಿಲಿಸಿತು. ಪರೋಲ್ ಬಂತು, ಶಿಕ್ಷೆಯ ಕಾಲುಭಾಗ ಮುಗಿಸಿದವನಿಗೆ ಬಾಗಿಲು ತೆರೆಯತೊಡಗಿತು. ಆಲ್ಟನ್ ಹೊರಗೆ ಬಂದದ್ದು ಆಗ. ಎರಡು ವರ್ಷ ಬದುಕಿದರು. "ಸ್ವಂತ ಮಂಚದ ಮೇಲೆ, ಸ್ವಂತ ದಿಂಬಿನ ಮೇಲೆ ಪ್ರಾಣ ಬಿಟ್ಟರು" ಎಂದು ಹೇಳುವಾಗ ವರ್ಲೀನ್ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಆಮೇಲೆ ಜೈಲಿನ ಎರಡು ಬ್ಲಾಕು ಮುಚ್ಚಿದರು. ವ್ಯಾನಿನಲ್ಲಿ ಕೆಲವು ಶನಿವಾರ ಹೋಸಿಯಾ ಒಬ್ಬರೇ ಕಾಲು ಚಾಚಿ ಮಲಗಿ ಹೋದದ್ದೂ ಇದೆ.

ಈಗ ವ್ಯಾನು ಮತ್ತೆ ತುಂಬಿದೆ. ಯಾಕೆಂದು ಕೇಳಿದರೆ, "ಹುಡುಗರು ಕೆಟ್ಟಿದ್ದಾರೆ, ಇನ್ನೇನು" ಎಂದರು. ಅವರಿಗೂ ಆಗ ಬೇರೆ ಕಾರಣ ಹೊಳೆದಿರಲಿಲ್ಲ.

ವ್ಯಾನಿನಲ್ಲಿ ಬಟ್ಟೆಯಷ್ಟೇ ಮುಖ್ಯವಾದ ಇನ್ನೊಂದು ಸೇವೆ ನಡೆಯುತ್ತದೆ. ಮಗನನ್ನೋ ತಮ್ಮನನ್ನೋ ಪೊಲೀಸರು ಹಿಡಿದ ಮನೆಯವರು ಇಲ್ಲಿಗೆ ಬಂದು, ಸರ್ಕಾರದ ಕಡೆಯ ಪ್ರಾಸಿಕ್ಯೂಟರ್ ವಿಚಾರಣೆ ಬೇಡ, ತಪ್ಪೊಪ್ಪಿಕೊಂಡು ಇಷ್ಟು ವರ್ಷ ತಗೋ ಅನ್ನುತ್ತಿದ್ದಾನೆ, ಏನು ಮಾಡಲಿ ಎಂದು ಕೇಳುತ್ತಾರೆ. ಬಡವರಿಗೆ ಸರ್ಕಾರ ಕೊಡುವ ಬಿಟ್ಟಿ ವಕೀಲನಿಗೆ ಉಸಿರಾಡಲು ಪುರುಸೊತ್ತಿಲ್ಲ. ಕೋರ್ಟಿನ ಮೊಗಸಾಲೆಯಲ್ಲಿ ನಡೆಯುತ್ತಲೇ ಎರಡು ಮಾತಾಡಿ ಹೋಗುತ್ತಾನೆ. ಮಿಸ್ ವರ್ಲೀನ್ ಮಾತ್ರ ಗಾಡಿ ಓಡಿಸುತ್ತ ನಿಧಾನವಾಗಿ ಲೆಕ್ಕ ಹೇಳುತ್ತಾರೆ. ನಾಲ್ಕು ವರ್ಷ ಅಂದ್ರೆ ಒಂದು. ಆರು ಅಂದ್ರೆ ಒಂದೂವರೆ. ಹತ್ತು ಅಂದ್ರೆ ಎರಡೂವರೆ. ನಮ್ಮ ಬೀದಿಯ ಮಕ್ಕಳಿಗೂ ಈ ಮಗ್ಗಿ ಬಾಯಿಪಾಠ.

"ಜಡ್ಜ್ ಹೇಳೋ ವರ್ಷ ಬೇರೆ, ಮನೆ ಕ್ಯಾಲೆಂಡರ್ ವರ್ಷ ಬೇರೆ" ಎನ್ನುತ್ತಾರೆ. "ಭಯ ಬಿದ್ದು ವಿಚಾರಣೆಗೆ ಹೋದ್ರೆ ಹದಿನೈದು, ಇಪ್ಪತ್ತು ಹಾಕ್ತಾರೆ. ಒಪ್ಕೊಂಡು ಬೇಗ ಬಂದ್ಬಿಡೋದು ಒಳ್ಳೇದು. ನಮ್ಮ ಟೆರಾನ್‌ಗೂ ಅದೇ ಹೇಳಿದ್ದೀನಿ."

ಟೆರಾನ್ ಅವರ ಮೊಮ್ಮಗ, ಇಪ್ಪತ್ತು ವರ್ಷ. ಮಗಳು ತೀರಿಕೊಂಡ ಮೇಲೆ ಅಜ್ಜಿಯೇ ಸಾಕಿದ ಕೂಸು. ಕಳೆದ ಚಳಿಗಾಲದಲ್ಲಿ ಇಬ್ಬರು ಗೆಳೆಯರ ಜೊತೆ ಕದ್ದ ಟ್ರಕ್ಕಿನಲ್ಲಿ ಸಿಕ್ಕಿಬಿದ್ದ. ಸೀಟಿನ ಕೆಳಗೆ ಯಾರದೋ ಪಿಸ್ತೂಲು. ಈಗ ನಮ್ಮೂರಿನ ಸಣ್ಣ ಜೈಲಿನಲ್ಲಿದ್ದಾನೆ. ಪ್ರಾಸಿಕ್ಯೂಟರ್ ಎಂಟು ವರ್ಷ ಅಂದಿದ್ದಾನೆ. ಸೋಮವಾರ ಕೋರ್ಟಿನಲ್ಲಿ ಒಪ್ಪಿಗೆ ಹೇಳಬೇಕು.

"ಎಂಟು ಅಂದ್ರೆ ಎರಡು. ಅದರಲ್ಲೂ ಈಗಾಗ್ಲೇ ಕಳೆದಿರೋದನ್ನ ಲೆಕ್ಕಕ್ಕೆ ಹಿಡೀತಾರೆ. ಇಪ್ಪತ್ತೆರಡಕ್ಕೆ ಮನೇಲಿರ್ತಾನೆ. ಜಡ್ಜ್ ಎದುರು ಹೇಗೆ ಮಾತಾಡಬೇಕು ಅನ್ನೋದನ್ನೂ ಕಲಿಸಿದ್ದೀನಿ. ಎಲ್ಲಾ ಪ್ರಶ್ನೆಗೂ ಹೌದು ಸಾರ್. ಕೊನೇದೊಂದಕ್ಕೆ ಮಾತ್ರ ಇಲ್ಲ ಸಾರ್."

"ಕೊನೇದು ಯಾವುದು?"

"ಬೇಗ ಬಿಡ್ತಾರೆ ಅಂತ ಯಾರಾದ್ರೂ ನಿನಗೆ ಮಾತು ಕೊಟ್ಟಿದ್ದಾರಾ ಅಂತ ಕೇಳ್ತಾರೆ. ಅದಕ್ಕೆ ಎಲ್ರೂ ಇಲ್ಲ ಅಂತಲೇ ಅನ್ನೋದು. ಹೌದು ಅಂದ್ರೆ ಒಪ್ಪಂದ ಮುರಿದು ಬೀಳುತ್ತೆ."

ಹಿಂದಿನ ಸೀಟಿನಿಂದ ಶಾಂಡ್ರಾ ಕೂಗುತ್ತಾಳೆ: "ನಮ್ಮ ಲವೆಲ್‌ಗೂ ಇವರೇ ಹೇಳ್ಕೊಟ್ಟಿದ್ದು. ಆರಕ್ಕೆ ಒಪ್ಕೊಂಡ. ಈ ವಸಂತಕ್ಕೆ ಒಂದೂವರೆ ಆಗುತ್ತೆ."

ಟರ್ಕಿ ಫೋರ್ಕ್ ತಲುಪುವಾಗ ಬಿಸಿಲು ಬಂದಿದೆ. ಎಲ್ಲರೂ ಇಳಿದು ಗೇಟಿನ ಸಾಲಿನಲ್ಲಿ ನಿಲ್ಲುತ್ತಾರೆ. ವರ್ಲೀನ್‌ಗೆ ಒಳಗೆ ಈಗ ತಮ್ಮವರು ಯಾರೂ ಇಲ್ಲ. ಅವರು ವ್ಯಾನಿನ ಮೆಟ್ಟಿಲ ಮೇಲೆ ಕೂತು ಬಿಸ್ಕಿಟ್ ರೊಟ್ಟಿಯ ನಡುವೆ ಸಾಸೇಜು ಇಟ್ಟು ನನಗೊಂದು ಕೊಡುತ್ತಾರೆ. ಮುಚ್ಚಿದ್ದ ಎರಡೂ ಬ್ಲಾಕುಗಳ ಕಿಟಕಿಗೆ ಹೊಸ ಬಣ್ಣ ಬಳಿದಿದೆ. ಬೇಲಿಯಾಚೆ ಹತ್ತಿ ಗೋದಾಮಿನಂಥ ತಗಡಿನ ಶೆಡ್ಡು ಎದ್ದಿದೆ.

ಪಾಳಿ ಮುಗಿಸಿ ಹೊರಬಂದ ಕಾವಲಿನ ಹೆಂಗಸೊಬ್ಬಳು ವರ್ಲೀನರನ್ನು ಕಂಡು ಹತ್ತಿರ ಬರುತ್ತಾಳೆ. ಚಿಕ್ಕವಳಿದ್ದಾಗ ಇವರ ಶಾಲಾ ಬಸ್ಸಿನಲ್ಲಿ ಹೋದವಳು. ಬಂದವಳೇ ಸಿಗರೇಟು ಹಚ್ಚುತ್ತಾಳೆ.

"ಜಿಮ್ಮಲ್ಲೂ ಮಂಚ ಹಾಕಿದ್ದಾರೆ ಮಿಸ್ ವರ್ಲೀನ್. ಒಂದರ ಮೇಲೊಂದು, ಮೂರು ಅಂತಸ್ತು. ಅಷ್ಟು ಜನಕ್ಕೆ ನಾನೊಬ್ಳೇ. ಗಲಾಟೆ ಇದ್ರೆ ಪರವಾಗಿಲ್ಲ, ಸುಮ್ಮನಾಗಿಬಿಡ್ತಾರೆ ನೋಡಿ, ಆಗ ನಂಗೆ ಬಾಗಿಲ ಹತ್ರ ಹೋಗಿ ನಿಂತ್ಕೊಳ್ಳೋ ಹಾಗಾಗುತ್ತೆ."

"ಅಷ್ಟೊಂದು ಜನ ಎಲ್ಲಿಂದ ಬಂದ್ರು?"

"ಬರೋರು ಮುಂಚಿನಷ್ಟೇ ಬರ್ತಾರೆ. ಹೋಗೋರೇ ಇಲ್ಲ."

"ಯಾಕೆ ಹೋಗ್ತಿಲ್ಲ?"

"ನಂಗೇನು ಗೊತ್ತು? ನಂಗೆ ಬೀಗ ಹಾಕೋದಷ್ಟೇ ಕೆಲಸ" ಎಂದು ಅವಳು ಅರ್ಧ ಸಿಗರೇಟು ಬಿಸಾಕಿ ಹೋಗುತ್ತಾಳೆ.

ವರ್ಲೀನ್ ರೊಟ್ಟಿಯನ್ನು ಕಾಗದದಲ್ಲಿ ಮತ್ತೆ ಸುತ್ತಿ ಇಡುತ್ತಾರೆ. ಬಹಳ ಹೊತ್ತು ಗೇಟನ್ನೇ ನೋಡುತ್ತಾರೆ. ಭೇಟಿಯ ಹೊತ್ತು ಮುಗಿಯುವ ಮೊದಲೇ ಗೇಟು ತೆರೆದು ಶಾಂಡ್ರಾ ಒಬ್ಬಳೇ ಬರುವುದು ಕಾಣುತ್ತದೆ. ಅವಳು ಅಳುತ್ತಿಲ್ಲ. ವ್ಯಾನಿನ ಹತ್ತಿರ ಬಂದು, ಬಿಸಿಲಿಗೆ ಕಣ್ಣು ಮುಚ್ಚಿ ನಿಲ್ಲುತ್ತಾಳೆ.

"ಆರು ಅಂದ್ರೆ ಆರಂತೆ, ಮಿಸ್ ವರ್ಲೀನ್."

"ಯಾರು ಹೇಳಿದ್ದು?"

"ಅಲ್ಲಿಯ ಅಧಿಕಾರಿ ಕರೆದು ಹೇಳಿದ್ನಂತೆ. ತಾರೀಖೇ ಇಲ್ಲ. ಹೊಸ ಕಾನೂನು ಬಂದ ಮೇಲೆ ತಪ್ಪು ಮಾಡಿದೋರಿಗೆ ಪರೋಲೇ ಇಲ್ವಂತೆ. ಪೂರ್ತಿ ಆರು." ಅವಳು ಕಣ್ಣು ತೆರೆದಳು. "ಪ್ರಾಸಿಕ್ಯೂಟರ್ ಮೊದಲು ಆರು ಅಂದಾಗ ಲವೆಲ್ ಬೇಡ ಅಂದಿದ್ದ. ನೀವೇ ಹೇಳಿದ್ರಿ, ತಗೋ ಅಂತ."

ಶಾಂಡ್ರಾ ಶೂ ಡಬ್ಬವನ್ನು ತಂದು, ಟ್ರಂಕಿನ ಮುಚ್ಚಳ ತೆಗೆದು, ಮಡಿಸಿದ ಬಟ್ಟೆಗಳ ಮೇಲೆ ಇಟ್ಟಳು.

"ನಮ್ಮನೇಲಿ ಇದನ್ನ ನೋಡ್ಕೊಂಡು ಇರೋಕಾಗಲ್ಲ. ನೀವೇ ಇಟ್ಕೊಳ್ಳಿ."

ನಾನು ವರ್ಲೀನರ ಮುಖ ನೋಡಿದೆ. ಅವರು ಶಾಂಡ್ರಾಳನ್ನು ನೋಡುತ್ತಿರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಎಂಟು, ಎಂಟು ಎಂದು ಹೇಳಿಕೊಳ್ಳುತ್ತಿದ್ದರು.

ಕಾನೂನು ಬಂದದ್ದು ನಮಗೆ ತಿಳಿಯದ ಸಂಗತಿಯೇನಲ್ಲ. ಹೋದ ವರ್ಷಕ್ಕೂ ಹಿಂದಿನ ವರ್ಷದ ಬೇಸಿಗೆಯಲ್ಲಿ ಗವರ್ನರು ನಗುತ್ತ ಸಹಿ ಹಾಕಿದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಕಳ್ಳಕಾಕರಿಗೆ ಇನ್ನು ಮೇಲೆ ತಕ್ಕ ಶಾಸ್ತಿ ಎಂದು ಜನ ಚಪ್ಪಾಳೆ ತಟ್ಟಿದ್ದರು. ವರ್ಲೀನರ ಚರ್ಚಿನಲ್ಲೂ ತಟ್ಟಿದ್ದರು. ಆದರೆ ಕೋರ್ಟಿನಲ್ಲಿ ಕೇಳಿಬರುವ ಅಂಕಿ ಬದಲಾಗಲಿಲ್ಲ. ಅದೇ ಆರು, ಅದೇ ಎಂಟು, ಅದೇ ಹತ್ತು. ಅದರ ಅರ್ಥ ಮಾತ್ರ ನಾಲ್ಕು ಪಟ್ಟು ಬೆಳೆದಿತ್ತು. ಹಳೆಯ ಕಾನೂನಿನವರು ಸಾಲಾಗಿ ಹೊರಬರುತ್ತಲೇ ಇದ್ದದ್ದರಿಂದ ಒಂದೂವರೆ ವರ್ಷ ಯಾರಿಗೂ ಏನೂ ಗೊತ್ತಾಗಲಿಲ್ಲ. ಹೊಸ ಕಾನೂನಿನ ಮೊದಲ ತಂಡ ಹೊರಬರಬೇಕಾದ ಹೊತ್ತು ಈಗ ಬಂದಿದೆ, ಮತ್ತು ಯಾರೂ ಬರುತ್ತಿಲ್ಲ. ಬಚ್ಚಲಿನ ತೂಬಿಗೆ ಬಟ್ಟೆ ತುರುಕಿ ನಲ್ಲಿಯನ್ನು ಮೊದಲಿನಷ್ಟೇ ಬಿಟ್ಟ ಹಾಗೆ. ನೀರು ಕಾಲು ಮುಟ್ಟುವವರೆಗೆ ಯಾರೂ ಬಗ್ಗಿ ನೋಡುವುದಿಲ್ಲ.

ವಾಪಸ್ಸು ಬರುವಾಗ ವ್ಯಾನಿನಲ್ಲಿ ಎಲ್ಲರೂ ತಮ್ಮ ತಮ್ಮವರ ಅಪರಾಧ ಯಾವ ತಿಂಗಳಿನದು ಎಂದು ಮನಸ್ಸಿನಲ್ಲೇ ಹುಡುಕುತ್ತಿದ್ದಾರೆ. ಹೋಸಿಯಾ ಮಾತ್ರ ಒಮ್ಮೆ, "ನಮ್ಮೋನು ಹಳೇ ಕಾನೂನಿನೋನು, ಅಲ್ವಾ ವರ್ಲೀನ್?" ಎಂದು ಮಗುವಿನಂತೆ ಕೇಳಿದರು. ವರ್ಲೀನ್ ಹೌದು ಎನ್ನಲೂ ಹೆದರಿದರು. ಇಷ್ಟು ವರ್ಷ ಎಲ್ಲರಿಗೂ ಉತ್ತರ ಕೊಟ್ಟ ಬಾಯಿ ಅದು.

ವಕೀಲನ ಕಚೇರಿ ಶನಿವಾರ ಮುಚ್ಚಿರುತ್ತದೆ. ಫೋನಿನಲ್ಲಿ ಸಂದೇಶ ಬಿಡಲು ಜಾಗವಿಲ್ಲ ಎಂದು ಯಂತ್ರ ಹೇಳುತ್ತದೆ. ಊರ ಜೈಲಿಗೆ ನಾವು ಕರೆ ಮಾಡುವಂತಿಲ್ಲ, ಒಳಗಿನವನು ಮಾಡಿದರೆ ಮಾತ್ರ ಮಾತು. ಭಾನುವಾರವೆಲ್ಲ ವರ್ಲೀನ್ ಫೋನನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಚರ್ಚಿನಲ್ಲೂ ಅದರ ಸದ್ದು ಆಫ್ ಮಾಡಲಿಲ್ಲ. ಟೆರಾನ್ ಕರೆ ಮಾಡಲಿಲ್ಲ. ಅವನಿಗೇನು ಆತಂಕ, ಅಜ್ಜಿ ಹೇಳಿದ ಮೇಲೆ ಮುಗಿಯಿತು. ನಾನು ಸಂಜೆ ಹೋದಾಗ ಅವರು ಅಡಿಗೆಮನೆಯ ಕುರ್ಚಿಯಲ್ಲಿ ಕೂತಿದ್ದರು, ಒಲೆಯ ಮೇಲಿನ ಅವರೆ ಸೀದು ವಾಸನೆ ಬರುತ್ತಿತ್ತು.

"ನಾನೇ ಅವನಿಗೆ ಬೀಗ ಹಾಕ್ತಿದ್ದೀನಿ ಪೇಪರಿನವ್ರೇ" ಎಂದರು. "ಪೊಲೀಸಲ್ಲ, ಜಡ್ಜಲ್ಲ. ನಾನು."

ಸೋಮವಾರದ ಕೋರ್ಟು. ವರ್ಲೀನ್ ಹಬ್ಬದ ದಿನದ ನೇರಳೆ ಟೋಪಿ ಹಾಕಿ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದಾರೆ. ವಕೀಲ ತಡವಾಗಿ, ಎದೆಯ ತನಕ ಫೈಲು ಹೊತ್ತು ಬಂದ. ಇನ್ನೂ ಮೀಸೆ ಬಲಿಯದ ಹುಡುಗ, ಕೆಟ್ಟವನಲ್ಲ.

"ಎಂಟು ಅಂದ್ರೆ ಎಂಟಾ ಸಾರ್?" ಎಂದು ವರ್ಲೀನ್ ಅವನ ಹಿಂದೆಯೇ ಓಡಿದರು.

"ಆಮೇಲೆ ಮಾತಾಡೋಣ ಅಮ್ಮಾ, ಜಡ್ಜ್ ಬಂದುಬಿಟ್ಟಿದ್ದಾರೆ." ಬಾಗಿಲು ಮುಚ್ಚಿತು.

ಕಿತ್ತಳೆ ಬಟ್ಟೆಯ ಹುಡುಗರು ಕೈಗೆ ಸರಪಳಿ ಹಾಕಿಸಿಕೊಂಡು ಪಕ್ಕದ ಬೆಂಚಿನಲ್ಲಿ ಸಾಲಾಗಿ ಕೂತಿದ್ದಾರೆ. ಟೆರಾನ್ ಮೂರನೆಯವನು. ಅಜ್ಜಿಯನ್ನು ಕಂಡು ಗದ್ದ ಎತ್ತಿ ಸಣ್ಣದಾಗಿ ನಕ್ಕ. ವರ್ಲೀನ್ ತಲೆ ಅಲ್ಲಾಡಿಸಿ ಬೇಡ, ಬೇಡ ಎಂದು ಸನ್ನೆ ಮಾಡಿದರು. ಅಳಬೇಡ ಅನ್ನುತ್ತಿದ್ದಾಳೆ ಅಂದುಕೊಂಡನೋ ಏನೋ, ಅವನೂ ತಲೆ ಅಲ್ಲಾಡಿಸಿದ. ಕೈದಿಗಳಿಗೆ ಸನ್ನೆ ಮಾಡಿದರೆ ಹೊರಗೆ ಹಾಕುತ್ತೇನೆ ಎಂದು ಪೊಲೀಸು ಬಂದು ಕಿವಿಯಲ್ಲಿ ಹೇಳಿ ಹೋದ.

ಟೆರಾನನ ಸರದಿ ಬೇಗ ಬಂತು. ಜಡ್ಜ್ ಓದುವ ಪ್ರಶ್ನೆಗಳು ಮಂತ್ರದ ಹಾಗೆ, ತಡೆಯಿಲ್ಲದೆ ಉರುಳುತ್ತವೆ. ನಿನ್ನ ಹಕ್ಕುಗಳು ತಿಳಿದಿವೆಯೇ? ಹೌದು ಸಾರ್. ನಿನ್ನ ಸ್ವಂತ ಇಚ್ಛೆಯಿಂದ ಒಪ್ಪುತ್ತಿದ್ದೀಯಾ? ಹೌದು ಸಾರ್. ನಿನ್ನ ವಕೀಲರ ಬಗ್ಗೆ ತೃಪ್ತಿ ಇದೆಯೇ? ಹೌದು ಸಾರ್.

"ಬೇಗ ಬಿಡುಗಡೆಯಾಗುತ್ತದೆ ಎಂದು ಯಾರಾದರೂ ನಿನಗೆ ಭರವಸೆ ಕೊಟ್ಟಿದ್ದಾರೆಯೇ?"

"ಇಲ್ಲ ಸಾರ್."

"ನಾನು ಕೊಟ್ಟಿದ್ದೀನಿ."

ನೇರಳೆ ಟೋಪಿ ಎದ್ದು ನಿಂತಿತ್ತು. ಜಡ್ಜ್ ಕನ್ನಡಕದ ಮೇಲಿನಿಂದ ನೋಡಿದರು.

"ತಾಯೀ, ಕೂತ್ಕೊಳ್ಳಿ."

"ನಾನು ಅವನ ಅಜ್ಜಿ, ಸ್ವಾಮಿ. ಎಂಟು ಅಂದ್ರೆ ಎರಡು ಅಂತ ನಾನೇ ಅವನಿಗೆ ಹೇಳಿದ್ದು. ಇಲ್ಲ ಸಾರ್ ಅನ್ನು ಅಂತ ಹೇಳಿಕೊಟ್ಟೋಳೂ ನಾನೇ. ಅವನಿಗೆ ಗೊತ್ತಿಲ್ಲ. ಎಂಟು ಅಂದ್ರೆ ಎಂಟು ಅಂತ ಅವನಿಗೆ ಯಾರೂ ಹೇಳಿಲ್ಲ."

ಪೊಲೀಸು ತೋಳು ಹಿಡಿದ. ಅವರು ಬೆಂಚಿನ ಹಿಂಬದಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಟೆರಾನ್ ತಿರುಗಿ ನೋಡಿದ. ಮೊದಲು ಅಜ್ಜಿಯನ್ನು, ಆಮೇಲೆ ವಕೀಲನನ್ನು.

"ಎಂಟಾ?" ಎಂದ. "ಪೂರ್ತಿ ಎಂಟಾ?"

ನಾನು ಎಷ್ಟೋ ಕೋರ್ಟು ನೋಡಿದ್ದೇನೆ, ಅಂಥ ಮುಖ ನೋಡಿಲ್ಲ. ಈಜಲು ಇಳಿದವನ ಕಾಲಿಗೆ ತಳ ಸಿಗದಿದ್ದಾಗ ಇರುವ ಮುಖ ಅದು. ವಕೀಲ ಫೈಲಿನಲ್ಲಿ ಏನೋ ಹುಡುಕಿದ. ಹೊಸ ಕಾನೂನಿನ ವಿಷಯ ಹುಡುಗನಿಗೆ ವಿವರಿಸಿದ್ದೀರಾ ಎಂದು ಜಡ್ಜ್ ಕೇಳಿದರು. ವಿವರಿಸಿದ್ದೇನೆ ಎಂದುಕೊಂಡಿದ್ದೇನೆ ಎಂದ ವಕೀಲ. ಜಡ್ಜ್ ಪೆನ್ನು ಕೆಳಗಿಟ್ಟು ಕೇಸನ್ನು ಎರಡು ವಾರ ಮುಂದಕ್ಕೆ ಹಾಕಿದರು. ವರ್ಲೀನರನ್ನು ಹೊರಗೆ ಕಳಿಸಿದರು. ಮೊಗಸಾಲೆಯ ಗೋಡೆಗೆ ಒರಗಿ ನಿಂತಾಗ ಅವರ ಟೋಪಿ ವಾಲಿತ್ತು. ಒಪ್ಪಂದ ಮುರಿದಿದೆ. ಪ್ರಾಸಿಕ್ಯೂಟರ್ ಈಗ ಸಿಟ್ಟಿನಲ್ಲಿ ಹದಿನೈದು ಕೇಳಬಹುದು. ಉಳಿಸಿದೆನೋ ಮುಳುಗಿಸಿದೆನೋ ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಆ ವಾರ ಅವರ ಮನೆಯ ಬಾಗಿಲು ತಟ್ಟಿದವರೆಲ್ಲ ಲೆಕ್ಕ ಕೇಳಲು ಬಂದವರೇ. ನನಗೆ ಗೊತ್ತಿಲ್ಲ, ವಕೀಲರನ್ನ ಹಿಡಿದು ನಿಲ್ಲಿಸಿ ಕೇಳಿ, ಬಾಯಿಬಿಟ್ಟು ಹೇಳೋವರೆಗೂ ಬಿಡಬೇಡಿ ಎಂದು ಎಲ್ಲರಿಗೂ ಹೇಳಿ ಕಳಿಸಿದರು. ಒಬ್ಬಳು, "ನಿಮ್ಮನ್ನ ನಂಬಿ ನಮ್ಮಣ್ಣ ಒಂಬತ್ತಕ್ಕೆ ಹೋದ" ಎಂದು ಅಂಗಳದಲ್ಲೇ ನಿಂತು ಕೂಗಾಡಿ ಹೋದಳು. ವರ್ಲೀನ್ ಬಾಗಿಲು ಹಾಕಿಕೊಳ್ಳಲಿಲ್ಲ. ಅವಳು ಮುಗಿಸುವವರೆಗೆ ನಿಂತು ಕೇಳಿದರು.

ಮುಂದಿನ ಶನಿವಾರವೂ ವ್ಯಾನು ಹೊರಟಿತು. ಟಾರ್ಚು, ಟ್ರಂಕು, ಸಾಲು ಎಲ್ಲ ಎಂದಿನಂತೆ. ಬಟ್ಟೆಗಳ ಕೆಳಗೆ ಶೂ ಡಬ್ಬದ ಮೂಲೆ ಕಾಣುತ್ತಿತ್ತು. ಶಾಂಡ್ರಾ ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಯಾರನ್ನೂ ಮಾತಾಡಿಸದೆ ಹಿಂದಿನ ಮೂಲೆಯಲ್ಲಿ ಕೂತಳು.

ಅರ್ಧ ದಾರಿಯಲ್ಲಿ ಪೆಟ್ರೋಲ್ ಬಂಕಿನ ಹತ್ತಿರ ಹೆಚ್ಚಿನವರು ಕಾಫಿಗೆ ಇಳಿಯುವ ಹೊತ್ತಿಗೆ ಸೂರ್ಯ ಹುಟ್ಟುತ್ತಿದ್ದ. ಡ್ಯಾಶ್‌ಬೋರ್ಡಿನ ಮೇಲಿನ ಫೋನು ಹೊಡೆದುಕೊಂಡಿತು. ಇದು ಜೈಲಿನಿಂದ ಬಂದ ಕರೆ, ಸ್ವೀಕರಿಸುತ್ತೀರಾ ಎಂದು ಯಂತ್ರ ಕೇಳಿತು. ವರ್ಲೀನ್ ಗುಂಡಿ ಕಾಣದೆ ಎರಡು ಸಲ ತಪ್ಪಾಗಿ ಒತ್ತಿದರು. ನಾನು ಒತ್ತಿಕೊಟ್ಟೆ. ಟೆರಾನನ ದನಿ ಇಡೀ ವ್ಯಾನಿಗೆ ಕೇಳಿಸಿತು.

"ಅಜ್ಜೀ."

"ಹೇಳು ಕಂದಾ."

"ನಿನ್ನೆ ವಕೀಲ್ರು ಬಂದಿದ್ರು. ಕೂತ್ಕೊಂಡು ಮಾತಾಡಿದ್ರು. ಐದಕ್ಕೆ ಇಳಿಸಿದ್ದಾರಂತೆ. ಬೇಡ ಅಂದ್ರೆ ವಿಚಾರಣೆ, ಹದಿನೈದು ಕೇಳ್ತಾರಂತೆ."

"ಹೂಂ."

ಆ ಕಡೆ ಎಲ್ಲೋ ಕಬ್ಬಿಣದ ಬಾಗಿಲು ಬಡಿಯಿತು.

"ಅಜ್ಜೀ, ಐದು ಅಂದ್ರೆ ಎಷ್ಟು?"

ಅವನಿಗೆ ಗೊತ್ತು. ವಕೀಲ ಹೇಳಿದ್ದಾನೆ. ಆದರೂ ಕೇಳಿದ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತ ಹೋಸಿಯಾ ಹಾಗೇ ನಿಂತರು. ಹಿಂದಿನ ಮೂಲೆಯಲ್ಲಿ ಶಾಂಡ್ರಾ ತಲೆ ಎತ್ತಿದಳು. ಒಂದೂಕಾಲು ಅಂದುಬಿಡಲಿ, ಸುಳ್ಳಾದರೂ ಅಂದುಬಿಡಲಿ ಎಂದು ನನಗೇ ಅನ್ನಿಸಿತು.

"ಐದು ಅಂದ್ರೆ ಐದು, ಕಂದಾ."

"ನಂಗೆ ಭಯ ಆಗ್ತಿದೆ."

"ನಂಗೂ ಆಗ್ತಿದೆ."

"ನೀನು ಬರ್ತೀಯಲ್ಲ?"

"ಪ್ರತಿ ಶನಿವಾರ. ತೋಳಿರೋ ರವಿಕೆ ಹಾಕ್ಕೊಂಡು."

ಅವನು ನಗಲು ನೋಡಿದ. ಅಷ್ಟರಲ್ಲಿ ಕರೆ ಕಡಿದುಹೋಯಿತು. ವರ್ಲೀನ್ ಕನ್ನಡಕ ತೆಗೆದು ಸೆರಗಿನಂತಿದ್ದ ಶಾಲಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಕೊಳೆ ಇದ್ದದ್ದು ಗಾಜಿನ ಮೇಲಲ್ಲ.

"ಪೇಪರಿನವ್ರೇ, ಕಣ್ಣಿನ ಡಾಕ್ಟ್ರು ಯಾರಾದ್ರೂ ಗೊತ್ತಾ ನಿಮಗೆ? ಎಪ್ಪತ್ತಾರರವರೆಗೂ ಲೈಸೆನ್ಸ್ ಉಳಿಯೋ ಹಾಗೆ ಮಾಡೋರು?"

"ಮೂರು ಶನಿವಾರ ಗಾಡಿ ಬಿಡಬಾರದು ಅಂದಿದ್ದಿರಲ್ಲ?"

ಹಿಂದಿನಿಂದ ಶಾಂಡ್ರಾಳ ದನಿ ಬಂತು. ಒಂದು ವಾರದ ಮೇಲೆ ಅವಳು ವರ್ಲೀನ್ ಜೊತೆ ಆಡಿದ ಮೊದಲ ಮಾತು ಅದು.

"ಆ ಮೂರು ಶನಿವಾರ ನಾನು ಓಡಿಸ್ತೀನಿ. ಹೇಗಿದ್ರೂ ನಾನು ಬರಲೇಬೇಕಲ್ಲ."

ವರ್ಲೀನ್ ಕನ್ನಡಿಯಲ್ಲಿ ಅವಳನ್ನು ನೋಡಿದರು. ಎಲ್ಲರೂ ಹತ್ತಿದ ಮೇಲೆ ಕೀಲಿ ತಿರುವಿ ಗಾಡಿ ರಸ್ತೆಗೆ ಹಾಕಿದರು. ಎದುರಿನಿಂದ ದಿಮ್ಮಿ ಲಾರಿ ಬರುತ್ತಿತ್ತು.

"ಐದು ವರ್ಷ ಕಣ್ಣು ಕಾಣಿಸಿದ್ರೆ ಸಾಕು" ಎಂದರು. "ಆಮೇಲೆ ಅವನೇ ಓಡಿಸ್ತಾನೆ."